ಮನೆ ನಾಯಿ ಕೋಳಿ ಹಿಡಿಯುತ್ತಿದೆಯೇ? ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ನಮ್ಮ ಮನೆ ಇರುವುದು ದೇವಿಮನೆ ಘಟ್ಟದ ಬುಡದಲ್ಲಿ, ಕುಮಟಾದಿಂದ ಸಿರ್ಸಿಗೆ ಹೋಗುವ ದಾರಿಯಲ್ಲಿ. ಮನೆ ಹಿಂದೆ ತೋಟ, ತೋಟದ ಹಿಂದೆ ಬೆಟ್ಟ. ಹಿತ್ತಿಲಲ್ಲಿ ಹತ್ತು ಹನ್ನೆರಡು ಊರಕೋಳಿ, ಜಗಲಿಯಲ್ಲಿ ಕರಿಯ ಎಂಬ ನಾಯಿ. ಅಡಿಕೆ ಕೊನೆ ಕೊಯ್ಲಿನ ದಿನ ಎಲ್ಲರೂ ತೋಟದಲ್ಲಿದ್ದೆವು. ಪಕ್ಕದ ಮನೆ ಅಕ್ಕ ಬೇಲಿಯಾಚೆಯಿಂದ ಕೂಗಿದರು: "ತಮಾ, ನಿಮ್ಮ ನಾಯಿ ಬಾಯಲ್ಲಿ ಎಂತದೋ ಅದೆ ನೋಡು!"

ನೋಡಿದರೆ ಆಯಿಯ ಕೆಂಪು ಹೇಂಟೆ. ಕರಿಯ ಅದನ್ನು ಕಚ್ಚಿಕೊಂಡು ಬಾಲ ಅಲ್ಲಾಡಿಸುತ್ತಾ ನಿಂತಿದ್ದ. ಆ ಬಾಲ ನೋಡಿ ಸಿಟ್ಟು ನೆತ್ತಿಗೇರಿತು. ನಾಲ್ಕು ಬಾರಿಸಿದೆ. ವಾರ ಬಿಟ್ಟು ಮತ್ತೆರಡು ಕೋಳಿ ಹೋದವು.

ಬಾರಿಸುವ ಬದಲು ಆ ಬಾಲ ಏನು ಹೇಳುತ್ತಿದೆ ಅಂತ ನೋಡಿದ್ದರೆ ಆ ಎರಡು ಉಳಿಯುತ್ತಿದ್ದವು. ಕರಿಯನಿಗೆ ಕೋಳಿ ಮೇಲೆ ಸಿಟ್ಟಿರಲಿಲ್ಲ, ಹಸಿವೂ ಇರಲಿಲ್ಲ. ಓಡುವ ಒಂದು ವಸ್ತು ಕಂಡಿತು, ಅಟ್ಟಿದ, ಸಿಕ್ಕಿತು, ಖುಷಿಯಾಯಿತು. ಅಷ್ಟೇ. ಎಲ್ಲ ನಾಯಿಗಳ ಕಥೆ ಇದೇ ಅಲ್ಲ. ಕೆಲವಕ್ಕೆ ಹಸಿವು, ಕೆಲವಕ್ಕೆ ಬೇಜಾರು, ಕೆಲವಕ್ಕೆ ಕಾಯಿಲೆ. ಕೆಲವು ಸಲ ತಪ್ಪು ನಾಯಿಯದ್ದೇ ಅಲ್ಲ. ಹಾಗಾಗಿ ನಿಮ್ಮಲ್ಲಿ ಏನು ಕಾಣಿಸುತ್ತಿದೆ ಅನ್ನುವುದರಿಂದ ಶುರು ಮಾಡಿ. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಬೇಲಿ ಗೀಲಿ ಆಮೇಲೆ.

ಈಗಲೇ ನಾಯಿ ಬಾಯಲ್ಲಿ ಕೋಳಿ ಇದೆ

ಕೂಗಬೇಡಿ, ಹಿಂದೆ ಓಡಬೇಡಿ. ನೀವು ಓಡಿದರೆ ಅದಕ್ಕೆ ಆಟ ಇನ್ನೂ ರಂಗೇರುತ್ತದೆ, ಹಲ್ಲು ಇನ್ನೂ ಗಟ್ಟಿಯಾಗುತ್ತದೆ. ಕೋಳಿಯನ್ನು ಎಳೆಯಲೂಬೇಡಿ, ಚರ್ಮ ಕಿತ್ತು ಬರುತ್ತದೆ. ನಿಧಾನ ನಡೆದು ಹೋಗಿ ಕೊರಳಪಟ್ಟಿ ಹಿಡಿಯಿರಿ. ಮೀನೋ ಬಿಸ್ಕತ್ತೋ ಕೈಗೆ ಸಿಕ್ಕಿದ್ದನ್ನು ಮೂಗಿನ ಹತ್ತಿರ ಒಡ್ಡಿ. ಬಿಡದಿದ್ದರೆ ತಲೆ ಮೇಲೆ ಒಂದು ಕೊಡ ನೀರು.

ಬಾಯೊಳಗೆ ಕೈ ಹಾಕಬೇಡಿ. ಸಾಕಿದ ನಾಯಿಯೂ ಆ ಗಳಿಗೆಯಲ್ಲಿ ಕಚ್ಚಬಹುದು. ಎರಡು ನಾಯಿ ಒಂದೇ ಕೋಳಿಯನ್ನು ಜಗ್ಗಾಡುತ್ತಿದ್ದರೆ ನಡುವೆ ಹೋಗಲೇಬೇಡಿ, ದೂರದಿಂದ ನೀರು ಎರಚಿ.

ನಾಯಿ ಕಟ್ಟಿದ ಮೇಲೆ ಉಳಿದ ಕೋಳಿ ಎಣಿಸಿ. ಹೆದರಿದ ಕೋಳಿ ದರಕಿನ (ಒಣ ಎಲೆಯ) ರಾಶಿಯಲ್ಲೋ ಸೌದೆ ಕೆಳಗೋ ಅಡಗಿ ಸಂಜೆ ತನಕ ಉಸಿರೆತ್ತುವುದಿಲ್ಲ. ಕತ್ತಲಾದ ಮೇಲೆ ಇನ್ನೊಮ್ಮೆ ಎಣಿಸಿದರೇ ಲೆಕ್ಕ ಸರಿ.

ನಿಮಗೆ ಹಲ್ಲು ತಾಗಿ ರಕ್ತ ಬಂದರೆ, ಪರಚಿದ್ದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. "ನಮ್ಮದೇ ನಾಯಿ, ಏನಾಗಲ್ಲ" ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹುಚ್ಚು ರೋಗದ (ರೇಬಿಸ್) ಚುಚ್ಚುಮದ್ದು ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ವೈದ್ಯರು ಬರೆದುಕೊಟ್ಟ ಎಲ್ಲ ದಿನವೂ ಹೋಗಬೇಕು.

ಕೋಳಿ ಸತ್ತಿದೆ ಅಥವಾ ಕಾಣೆಯಾಗಿದೆ. ಹಿಡಿದವರು ಯಾರು ಗೊತ್ತಿಲ್ಲ

ಇಲ್ಲಿ ಸ್ವಲ್ಪ ಹೊತ್ತು ಕಳೆಯಿರಿ. ನಮ್ಮ ಕಡೆ ಕೋಳಿಗೆ ವೈರಿಗಳು ಒಬ್ಬಿಬ್ಬರಲ್ಲ. ಬೈಸಿಕೊಳ್ಳುವುದು ಮಾತ್ರ ಯಾವಾಗಲೂ ನಾಯಿ. ಸತ್ತ ಕೋಳಿಯನ್ನು ಹೂಳುವ ಮೊದಲು ಗರಿ ಬಿಡಿಸಿ ನೋಡಿ, ಬಿದ್ದಿದ್ದ ಜಾಗವನ್ನೂ ನೋಡಿ.

ನಾಯಿಯ ಕೆಲಸ ಗಲೀಜು ಕೆಲಸ. ಅಂಗಳದ ತುಂಬ ಗರಿ. ಒಂದಕ್ಕಿಂತ ಜಾಸ್ತಿ ಕೋಳಿ ಸತ್ತಿರುತ್ತವೆ, ಆದರೆ ತಿಂದಿರುವುದು ಕಡಿಮೆ. ಬೆನ್ನು, ತೊಡೆ, ಬಾಲದ ಕಡೆ ಹಲ್ಲಿನ ತೂತು. ಗರಿ ಜೊಲ್ಲಿನಿಂದ ಒದ್ದೆಯಾಗಿ ಅಂಟಿಕೊಂಡಿರುತ್ತದೆ. ಹೆಚ್ಚಾಗಿ ಹಗಲು ಹೊತ್ತು.

ಮುಂಗುಸಿಯೂ ಹಗಲೇ ಬರುತ್ತದೆ. ಆದರೆ ಅದರ ಕಣ್ಣು ಕತ್ತು, ತಲೆ ಮೇಲೆ. ಸಣ್ಣ ಸಂದಿಯಲ್ಲಿ ನುಸುಳುತ್ತದೆ, ಮೊಟ್ಟೆಯನ್ನೂ ಬಿಡುವುದಿಲ್ಲ. ಕಾಡುಬೆಕ್ಕು, ಪುನುಗುಬೆಕ್ಕು ರಾತ್ರಿಯವು. ಸಾಮಾನ್ಯವಾಗಿ ಒಂದನ್ನು ಹಿಡಿದು ಎಳೆದುಕೊಂಡು ಹೋಗುತ್ತವೆ. ಬೆಟ್ಟದ ಕಡೆಗೆ ಗರಿಯ ಸಾಲು ಕಂಡರೆ ಅವುಗಳ ಮೇಲೆ ಅನುಮಾನ ಪಡಿ. ಗರಿಯೂ ಇಲ್ಲ, ರಕ್ತವೂ ಇಲ್ಲ, ಕೋಳಿ ಮಾತ್ರ ಮಾಯ ಅಂದರೆ ಹೆಬ್ಬಾವು ಇರಬಹುದು. ನುಂಗಿದ ಮೇಲೆ ಹೊಟ್ಟೆ ದಪ್ಪವಾಗಿ ಬಂದ ಸಂದಿಯಲ್ಲಿ ಹೊರಗೆ ಹೋಗಲಾಗದೆ ಗೂಡಿನ ಮೂಲೆಯಲ್ಲೇ ಮಲಗಿರುವುದೂ ಉಂಟು. ಹಾಗಾಗಿ ಬೆಳಿಗ್ಗೆ ಗೂಡಿಗೆ ಕೈ ಹಾಕುವ ಮೊದಲು ಟಾರ್ಚ್ ಹಾಕಿ. ಹಗಲಿನಲ್ಲಿ ಪಿಳ್ಳೆ ಒಂದೊಂದಾಗಿ ಕಡಿಮೆಯಾದರೆ ಮೇಲೆ ನೋಡಿ: ಹದ್ದು, ಗಿಡುಗ, ಕಾಗೆ. ಕೆಂಬೂತವೂ ಸಾಧುವಲ್ಲ.

ನಾಯಿ ಬಾಯಲ್ಲಿ ಕೋಳಿ ಕಂಡಿತು ಅಂದಮಾತ್ರಕ್ಕೆ ನಾಯಿಯೇ ಕೊಂದಿದೆ ಅಂತಲ್ಲ. ಕಚ್ಚಿದ ತೂತಿನ ಸುತ್ತ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದೆಯೇ ನೋಡಿ. ಇದ್ದರೆ ಕಚ್ಚುವಾಗ ಕೋಳಿ ಬದುಕಿತ್ತು. ತೂತಿದೆ, ಆದರೆ ರಕ್ತವೇ ಇಲ್ಲ ಅಂದರೆ ಸತ್ತು ಬಿದ್ದದ್ದನ್ನು ನಾಯಿ ಎತ್ತಿಕೊಂಡು ಬಂದಿರಬೇಕು. ಆಗ ಉಳಿದ ಕೋಳಿಗಳನ್ನು ನೋಡಿ. ಹಸಿರು ಭೇದಿ, ಕತ್ತು ತಿರುಚುವುದು, ಕಾಲು ರೆಕ್ಕೆ ಜೋಲುವುದು ಇದ್ದರೆ ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಎರಡು ಮೂರು ದಿನದಲ್ಲಿ ರಾಶಿ ರಾಶಿ ಸಾಯುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಾರಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ನಾಯಿಯನ್ನು ಬೈಯುತ್ತಾ ಕೂತರೆ ರೋಗ ಕೇರಿಯೆಲ್ಲ ಹಬ್ಬುತ್ತದೆ.

ಕೋಳಿಯ ಜೊತೆ ನಾಯಿಯೂ ಕಾಣೆಯಾಗಿದೆ, ಅಂಗಳದಲ್ಲಿ ದೊಡ್ಡ ಹೆಜ್ಜೆ ಇದೆ ಅಂದರೆ ಅದು ಚಿರತೆಯ ಮಾತು. ಹುಡುಕಿಕೊಂಡು ಒಬ್ಬರೇ ಬೆಟ್ಟಕ್ಕೆ ಹೋಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ನಾಯಿ ಬೇಲಿ ಹತ್ತಿರ ನಿಂತು ನೋಡುತ್ತಲೇ ಇರುತ್ತದೆ

ಇನ್ನೂ ಏನೂ ಆಗಿಲ್ಲ. ತಡೆಯಲು ಇದೇ ಒಳ್ಳೆ ಹೊತ್ತು.

ನಾಯಿಯ ಮೈ ನೋಡಿ. ಮುಂದಿನ ಕಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ, ಬಾಯಿ ತೆರೆದು ಮೈಯೆಲ್ಲ ಕುಣಿಸುತ್ತಿದ್ದರೆ ಆಟಕ್ಕೆ ಕರೆಯುತ್ತಿದೆ ಅಂತ. ಮರಿನಾಯಿಗಳದ್ದು ಹೆಚ್ಚಾಗಿ ಇದೇ. ಅಪಾಯ ಇಲ್ಲಿಯೂ ಇದೆ. ಹದಿನೈದು ಕಿಲೋ ನಾಯಿಯ ಆಟವನ್ನು ಒಂದೂವರೆ ಕಿಲೋ ಹೇಂಟೆ ತಡೆಯುವುದಿಲ್ಲ. ಆದರೆ ತಿದ್ದುವುದು ಸುಲಭ.

ಇನ್ನೊಂದು ಥರ ಇದೆ. ಬಾಯಿ ಮುಚ್ಚಿದೆ. ತಲೆ ತಗ್ಗಿದೆ. ಕಿವಿ ಮುಂದಕ್ಕೆ, ಬಾಲ ನೇರ, ಒಂದು ಮುಂಗಾಲು ಗಾಳಿಯಲ್ಲಿ. ಕರೆದರೆ ಕಿವಿ ಕೂಡ ಅಲ್ಲಾಡುವುದಿಲ್ಲ. ಇದು ಬೇಟೆ. ಬೊಗಳದ ನಾಯಿಗೇ ಇಲ್ಲಿ ಜಾಸ್ತಿ ಹೆದರಬೇಕು.

ಖರ್ಚಿಲ್ಲದ ಒಂದು ಪರೀಕ್ಷೆ ಹೇಳುತ್ತೇನೆ. ಬಂಗಡೆ ಬೇಯಿಸಿ, ಮುಳ್ಳು ಪೂರ್ತಿ ತೆಗೆದು, ಕಡಲೆಕಾಳಿನಷ್ಟು ಚೂರು ಮಾಡಿಕೊಳ್ಳಿ. ಉಪ್ಪು ಖಾರ ಬೇಡ. ಒಣಮೀನಂತೂ ಬೇಡವೇ ಬೇಡ, ಅದರಲ್ಲಿ ಉಪ್ಪು ವಿಪರೀತ. ನಾಯಿಗೆ ಹಗ್ಗ ಹಾಕಿ ಕೋಳಿಯಿಂದ 30 ಅಡಿ ದೂರ ನಿಂತು ಒಂದು ಚೂರು ಕೊಡಿ. ತಿಂದು ನಿಮ್ಮ ಮುಖ ನೋಡಿದರೆ ಆ ದೂರದಲ್ಲಿ ಅದರ ತಲೆ ನಿಮ್ಮ ಹತ್ತಿರವೇ ಇದೆ. ಮೂಗಿಗೆ ತಾಗಿಸಿದರೂ ಮೂಸದೆ ಕೋಳಿಯನ್ನೇ ನೋಡುತ್ತಿದ್ದರೆ ಅಷ್ಟು ದೂರ ಸಾಲದು. ಹತ್ತು ಹತ್ತು ಅಡಿ ಹಿಂದೆ ಬನ್ನಿ. ಬಂಗಡೆ ಬಾಯಿಗೆ ಹೋಗುವ ಆ ಮೊದಲ ಜಾಗದಲ್ಲಿ ಒಂದು ಕಲ್ಲಿಡಿ. ನಿಮ್ಮ ಪಾಠ ಶುರುವಾಗುವುದು ಆ ಕಲ್ಲಿನಿಂದ. ಕರಿಯನ ಕಲ್ಲು ನಮ್ಮ ಬಾವಿಕಟ್ಟೆ ಹತ್ತಿರ ಇತ್ತು, ಗೂಡಿನಿಂದ 50 ಅಡಿ ಆಚೆ.

ಕೋಳಿ ಸುಮ್ನೆ ಇದ್ದರೆ ಸುಮ್ನೆ, ಓಡಿದರೆ ಅಟ್ಟುತ್ತದೆ

ನಾನು ನೋಡಿದ ಮನೆಗಳಲ್ಲಿ ಜಾಸ್ತಿ ಇದೇ. ಮಣ್ಣು ಕೆದಕುವ ಕೋಳಿ ಪಕ್ಕದಲ್ಲೇ ನಾಯಿ ಮಲಗಿರುತ್ತದೆ. ಹುಂಜ ಹೇಂಟೆಯನ್ನು ಅಟ್ಟಿದ ಕೂಡಲೇ ಚಿಮ್ಮುತ್ತದೆ. ಓಟ, ರೆಕ್ಕೆ ಬಡಿತ, ಕಿರುಚಾಟ, ಇವು ಮೂರೂ ನಾಯಿಯೊಳಗಿನ ಬೇಟೆಯ ಗುಂಡಿ ಒತ್ತುತ್ತವೆ. ಬೇಟೆಗೆ ಮೆಟ್ಟಿಲುಗಳಿವೆ: ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಅಟ್ಟುವುದರಲ್ಲೇ ನಾಯಿಗೆ ಬೇಕಾದ ಖುಷಿ ಸಿಕ್ಕಿಬಿಡುತ್ತದೆ. ಹೊಟ್ಟೆ ತುಂಬಿದ ನಾಯಿ ಕೂಡ ಅಟ್ಟುವುದು ಅದಕ್ಕೇ. ಮುಧೋಳ ನಾಯಿಯನ್ನಂತೂ ಓಡುವುದನ್ನು ಕಣ್ಣಲ್ಲೇ ಹಿಡಿದು ಅಟ್ಟಲಿಕ್ಕೆಂದೇ ತಲೆಮಾರುಗಳಿಂದ ಸಾಕಿದ್ದಾರೆ. ಅದನ್ನು ತಂದು ಕೋಳಿ ಹಿಂದೆ ಓಡಬೇಡ ಅಂದರೆ ಅದೂ ಪಾಪ ಏನು ಮಾಡಬೇಕು?

ಹಾಗಾಗಿ ತಡೆಯಬೇಕಾದ್ದು ಕಚ್ಚುವುದನ್ನಲ್ಲ, ನೋಡುವುದನ್ನು. ಓಟ ಶುರುವಾದ ಮೇಲೆ ನಿಮ್ಮ ಕೂಗು ಅದರ ಕಿವಿಗೆ ಹೋಗುವುದಿಲ್ಲ.

ಮೊದಲ ವಾರ ಕೋಳಿಯ ಸುದ್ದಿಯೇ ಬೇಡ. ಮನೆಯೊಳಗೆ "ಬಿಡು" ಕಲಿಸಿ. ಮುಷ್ಟಿಯಲ್ಲಿ ಅನ್ನದ ಉಂಡೆ ಮುಚ್ಚಿ ಹಿಡಿಯಿರಿ. ನಾಯಿ ಮೂಸುತ್ತದೆ, ನೆಕ್ಕುತ್ತದೆ, ಕೆರೆಯುತ್ತದೆ. ಸುಮ್ಮನಿರಿ. ಬೇಸತ್ತು ಮೂತಿ ಹಿಂದೆ ತೆಗೆದ ಆ ಕ್ಷಣ "ಬಿಡು" ಅಂದು, ಇನ್ನೊಂದು ಕೈಯಿಂದ ಬಂಗಡೆ ಚೂರು ಕೊಡಿ. ಬಿಟ್ಟರೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆ ಅಂತ ಅದಕ್ಕೆ ಗೊತ್ತಾಗಬೇಕು. ಮನೆಯಲ್ಲಿ ಎಲ್ಲರೂ ಒಂದೇ ಮಾತು ಬಳಸಿ. ನಮ್ಮಲ್ಲಿ ನಾನು "ಬಿಡು", ಆಯಿ "ಹಚಾ", ತಂಗಿ "ನೋ ನೋ". ಕರಿಯನಿಗೆ ಮೂರು ಭಾಷೆ ಕಲಿಯಲು ಹದಿನೈದು ದಿನ ದಂಡವಾಯಿತು.

ಎರಡನೇ ವಾರ ಕಲ್ಲಿನ ಹತ್ತಿರ ಬನ್ನಿ. ಕೋಳಿ ಬೇಲಿಯೊಳಗೆ, ನಾಯಿ ಹಗ್ಗದಲ್ಲಿ. ಹಗ್ಗವನ್ನು ಕೊರಳಿಗಲ್ಲ, ಎದೆಪಟ್ಟಿಗೆ ಕಟ್ಟಿ. ಚಿಮ್ಮಿದಾಗ ಕೊರಳಿಗೆ ಪೆಟ್ಟಾಗಬಾರದು ಅಲ್ವಾ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ದನದ ಕಣ್ಣಿ ಉಜ್ಜಿದರೆ ಅಂಗೈ ಸಿಪ್ಪೆ ಏಳುತ್ತದೆ, ನನಗೆ ಎದ್ದಿತ್ತು. ನಾಯಿ ಕೋಳಿಯನ್ನು ನೋಡಿತು, ಎರಡು ಕ್ಷಣ ಆಯಿತು, "ಬಿಡು" ಅನ್ನಿ. ನಿಮ್ಮ ಕಡೆ ತಿರುಗಿದರೆ ಚೂರು. ತಿರುಗದಿದ್ದರೆ ಬೈಯಬೇಡಿ, ನಾಲ್ಕು ಹೆಜ್ಜೆ ಹಿಂದೆ ಕರೆದುಕೊಂಡು ಹೋಗಿ. ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಕೆಲವೇ ದಿನದಲ್ಲಿ ಒಂದು ಚಂದದ ಸಂಗತಿ ಆಗುತ್ತದೆ: ಕೋಳಿ ಕಂಡ ಕೂಡಲೇ ನಾಯಿ ನೀವು ಹೇಳದೆಯೇ ನಿಮ್ಮ ಮುಖ ನೋಡುತ್ತದೆ. ಆಗ ಮುಷ್ಟಿ ತುಂಬ ಕೊಡಿ, ಜಿಪುಣತನ ಬೇಡ.

ಮೂರು ದಿನ ಒಂದೂ ತಪ್ಪಾಗದಿದ್ದರೆ ಕಲ್ಲನ್ನು ಐದಡಿ ಮುಂದೆ ಇಡಿ. ತಪ್ಪಾದರೆ ಹಿಂದೆ ಬನ್ನಿ. ಬೇಲಿಯ ಬುಡಕ್ಕೆ ಬರಲು ಕೆಲವು ನಾಯಿಗೆ ಮೂರು ವಾರ, ಕೆಲವಕ್ಕೆ ಮೂರು ತಿಂಗಳು. ಅಲ್ಲಿಗೆ ಬಂದ ಮೇಲೆ ಮಾತ್ರ ಓಟದ ಪಾಠ. ಒಬ್ಬರು ಬೇಲಿಯೊಳಗೆ ನುಚ್ಚು ಎರಚಲಿ, ಕೋಳಿಗಳು ನುಗ್ಗಿ ರೆಕ್ಕೆ ಬಡಿಯಲಿ. ಅದಕ್ಕೂ ನಾಯಿ ನಿಮ್ಮ ಕಡೆ ತಿರುಗಿದರೆ ಅರ್ಧ ಗೆದ್ದಂತೆ. ಆಮೇಲೆ ಕೋಳಿ ಹೊರಗೆ, ನಾಯಿ 15 ಅಡಿ ಉದ್ದದ ಹಗ್ಗದಲ್ಲಿ, ನೀವು ಪಕ್ಕದಲ್ಲಿ.

ಪಾಠಕ್ಕೆ ಬೆಳಗಿನ ಹೊತ್ತು ಬೇಡ. ಗೂಡು ಬಿಟ್ಟ ಕೂಡಲೇ ಕೋಳಿಗಳ ಗಲಾಟೆ ಜೋರು. ಮಧ್ಯಾಹ್ನ ಅವು ಮಣ್ಣು ಹೊಯ್ದುಕೊಂಡು ಮಲಗಿರುವಾಗ ಮಾಡಿ. ಪಿಳ್ಳೆ ಜೊತೆಗಿರುವ ಹೇಂಟೆಯ ಹತ್ತಿರ ನಾಯಿಯನ್ನು ಒಯ್ಯಬೇಡಿ. ಅದು ಎದುರಿಗೇ ಬಂದು ಕಣ್ಣಿಗೆ ಕುಕ್ಕುತ್ತದೆ.

ಮೂರು ತಿಂಗಳೊಳಗಿನ ಮರಿ ಇದ್ದರೆ ನೀವು ಅದೃಷ್ಟವಂತರು. ಆ ವಯಸ್ಸಿನಲ್ಲಿ ದಿನಾ ಕೋಳಿ ನೋಡಿಕೊಂಡು ಬೆಳೆದರೆ, ಒಂದು ಸಲವೂ ಅಟ್ಟಲು ಬಿಡದಿದ್ದರೆ, ಇಷ್ಟೆಲ್ಲ ಕಷ್ಟ ಬೀಳುವುದೇ ಇಲ್ಲ.

ನಾನಿದ್ದಾಗ ಸಾಧು, ಬೆನ್ನು ತಿರುಗಿಸಿದರೆ ಕಳ್ಳ

ಇದು ಪಾಠ ಕಡಿಮೆಯಾಗಿದ್ದರಿಂದಲ್ಲ. ಹೊಡೆತದಿಂದ ಕಲಿತ ನಾಯಿ ಹೀಗಾಗುತ್ತದೆ. "ಕೋಳಿ ಹಿಡಿಯಬಾರದು" ಅಂತ ಅದು ಕಲಿತಿಲ್ಲ, "ಇವರ ಮುಂದೆ ಹಿಡಿಯಬಾರದು" ಅಂತ ಕಲಿತಿದೆ. ಕರಿಯ ಎರಡನೇ ಸಲ ಹಿಡಿದದ್ದು ನಾನು ಸ್ನಾನಕ್ಕೆ ಹೋದಾಗ!

ಇಲ್ಲಿ ಮದ್ದು ಬಾಗಿಲು. ಮನೆಯಲ್ಲಿ ಯಾರೂ ನೋಡಿಕೊಳ್ಳುವವರು ಇಲ್ಲದಾಗ ನಾಯಿ ಮತ್ತು ಕೋಳಿ ಒಂದೇ ಅಂಗಳದಲ್ಲಿ ಇರಬಾರದು. ವರ್ಷಗಟ್ಟಲೆ ಒಳ್ಳೆಯದಾಗಿದ್ದ ನಾಯಿಗೂ ಇದೇ ಮಾತು. ಸರದಿ ಹಾಕಿ. ನಮ್ಮಲ್ಲಿ ಬೆಳಿಗ್ಗೆ ನಾಯಿ ಹೊರಗೆ, ಹತ್ತು ಗಂಟೆ ಮೇಲೆ ಕೋಳಿ ಹೊರಗೆ, ನಾಯಿ ಹಿಂದಿನ ಜಗಲಿಯಲ್ಲಿ.

ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟುವುದು ಮಾತ್ರ ಉಲ್ಟಾ ಹೊಡೆಯುತ್ತದೆ. ಕಣ್ಣೆದುರು ಕೋಳಿ ಓಡಾಡುತ್ತದೆ, ನಾಯಿ ಅಲ್ಲೇ ಕುದಿಯುತ್ತದೆ, ಬಿಚ್ಚಿದ ದಿನ ನೇರ ಅಲ್ಲಿಗೇ ಹಾರುತ್ತದೆ. ಎರಡು ತೆಂಗಿನ ಮರದ ನಡುವೆ ಗಟ್ಟಿ ತಂತಿ ಎಳೆದು, ಅದಕ್ಕೆ ಬಳೆ ಹಾಕಿ ಹಗ್ಗ ಬಿಟ್ಟರೆ ನಾಯಿ ಅತ್ತಿತ್ತ ಓಡಾಡಬಹುದು. ಹಗ್ಗ ಮರಕ್ಕೆ ಸುತ್ತಿಕೊಳ್ಳದಂತೆ ಎರಡೂ ಕಡೆ ಗಂಟು ಹಾಕಿ. ನೆರಳು, ನೀರು ಬೇಕೇ ಬೇಕು. ರಾತ್ರಿ ಮಾತ್ರ ಒಳಗೆ ಸೇರಿಸಿ. ಬೆಟ್ಟದ ಅಂಚಿನ ಮನೆಗಳಲ್ಲಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ.

ಬೇಜಾರೂ ಒಂದು ಕಾರಣ. ಮಳೆಗಾಲದಲ್ಲಿ ನಾಯಿ ವಾರಗಟ್ಟಲೆ ಜಗಲಿಯಲ್ಲೇ ಬಿದ್ದಿರುತ್ತದೆ. ಮಳೆ ಬಿಟ್ಟು ಹೊಳವಾದ ದಿನ ಅದರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಕೋಳಿ ಬಿಡುವ ಮೊದಲು ಅರ್ಧ ಗಂಟೆ ನಡೆಸಿ ತನ್ನಿ. ಸಿರ್ಸಿ, ಸಿದ್ದಾಪುರ, ಹೊನ್ನಾವರದ ಕಡೆಯವರು ಬೇಸಿಗೆಯಲ್ಲಿ ಮಾತ್ರ ಬೆಟ್ಟಕ್ಕೆ ಒಯ್ಯಬೇಡಿ, ರಸ್ತೆಯಲ್ಲೇ ನಡೆಸಿ. ಮಂಗನ ಕಾಯಿಲೆ ಹರಡುವ ಉಣ್ಣೆ ಆಗ ದರಕಿನಲ್ಲಿ ಜಾಸ್ತಿ.

ಗೂಡಿಗೇ ನುಗ್ಗುತ್ತದೆ

ಎಲ್ಲಿಂದ ನುಗ್ಗಿತು ನೋಡಿ. ಅಡಿಯಿಂದಲೋ, ಜಾಲರಿ ಹರಿದೋ, ಬಾಗಿಲಿಂದಲೋ?

ಬಾಗಿಲು ಮೊದಲು ನೋಡಿ, ಅದು ಕಡಿಮೆ ಖರ್ಚಿನಲ್ಲಿ ಮುಗಿಯುವ ರಿಪೇರಿ. ಹಗ್ಗದ ಕುಣಿಕೆ, ತಿರುಗುವ ಮರದ ತುಂಡು ಇದ್ದರೆ ನಾಯಿ ಮೂತಿಯಿಂದ ತಳ್ಳಿ ತೆಗೆಯುತ್ತದೆ. ಕಬ್ಬಿಣದ ಚಿಲಕ ಹಾಕಿ.

ಅಡಿಯಿಂದ ಕೆದಕಿದ್ದರೆ ಮಳೆಗಾಲದ ಮಣ್ಣೂ ಕಾರಣ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಕರಾವಳಿಯಲ್ಲಿ ಜುಲೈ ಹೊತ್ತಿಗೆ ನೆಲ ಬೆಣ್ಣೆ. ಬೇಲಿಯ ಬುಡದಲ್ಲಿ ಹೊರಮುಖವಾಗಿ ಒಂದೂವರೆ ಅಡಿ ಅಗಲ ಜಾಲರಿ ನೆಲದ ಮೇಲೆ ಹಾಸಿ, ಮೇಲೆ ಚಿರೆಕಲ್ಲು ಸಾಲು ಇಡಿ. ನಾಯಿ ಯಾವಾಗಲೂ ಬೇಲಿಯ ಬುಡಕ್ಕೇ ಬಂದು ಕೆದಕುತ್ತದೆ. ಒಂದೂವರೆ ಅಡಿ ಹಿಂದೆ ಹೋಗಿ ಶುರು ಮಾಡುವಷ್ಟು ಲೆಕ್ಕ ಅದಕ್ಕೆ ಬರುವುದಿಲ್ಲ.

ಜಾಲರಿ ಹರಿದಿದ್ದರೆ ಅದು ಆರು ಮೂಲೆಯ ತೆಳು ಕೋಳಿ ಜಾಲರಿ ಇರಬೇಕು. ಅದು ಕೋಳಿಯನ್ನು ಒಳಗಿಡಲು ಸರಿ, ನಾಯಿಯನ್ನು ಹೊರಗಿಡಲು ಅಲ್ಲ. ಅಂಗಡಿಯಲ್ಲಿ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ ಕೇಳಿ. ಪೂರ್ತಿ ಬೇಲಿಗೆ ದುಡ್ಡು ಸಾಲದಿದ್ದರೆ ಕೆಳಗಿನ ಮೂರಡಿಗೆ ಮಾತ್ರ ಹಾಕಿ, ಮೇಲೆ ಹಳೆಯದೇ ಇರಲಿ. ಅಡಿಕೆ ದಬ್ಬೆಯ ಬೇಲಿ ನೋಡಲು ಚಂದ, ಆದರೆ ಬುಡ ಮಳೆಯಲ್ಲಿ ಕೊಳೆಯುತ್ತದೆ. ವರ್ಷಕ್ಕೊಮ್ಮೆ ಒದ್ದು ನೋಡಿ. ಅಂಕೋಲಾ, ಕಾರವಾರದ ಕಡೆ ಹಳೇ ಮೀನುಬಲೆ ಸುಲಭಕ್ಕೆ ಸಿಗುತ್ತದೆ. ಅದನ್ನು ಹದ್ದಿಗೆ ಅಡ್ಡವಾಗಿ ಮೇಲೆ ಹೊದಿಸಿ. ಬದಿಗೆ ಕಟ್ಟಬೇಡಿ, ಹಾವು ಸಿಕ್ಕಿಹಾಕಿಕೊಳ್ಳುತ್ತದೆ.

ಬೇಲಿಗೆ ಮನೆಯ ಕರೆಂಟ್ ಕೊಡುವ ಯೋಚನೆ ಕನಸಲ್ಲೂ ಬೇಡ. ನಾಯಿಗಿಂತ ಮೊದಲು ಮನೆಯ ಮಗು ಹೋಗಿ ಮುಟ್ಟುತ್ತದೆ.

ಕೊಂದು ತಿನ್ನುತ್ತದೆ, ಅಥವಾ ಮೊಟ್ಟೆ ಕದಿಯುತ್ತದೆ

ಊಟ ನೋಡಿ. ಬರೀ ಗಂಜಿ ಅನ್ನ ಹಾಕುತ್ತಿದ್ದರೆ ಮೀನೋ ಮೊಟ್ಟೆಯೋ ಸೇರಿಸಿ, ಹೊತ್ತಿಗೆ ಸರಿಯಾಗಿ ಹಾಕಿ. ಮೂರು ತಿಂಗಳಿಗೊಮ್ಮೆ ಜಂತುಹುಳದ ಮದ್ದು ಕೊಡಿ. ಹೊಟ್ಟೆ ತುಂಬಿದ ಮಾತ್ರಕ್ಕೆ ಅಟ್ಟುವುದು ನಿಲ್ಲುವುದಿಲ್ಲ ಅಂತ ಮೇಲೆ ಹೇಳಿದ್ದೇನೆ, ತಿನ್ನುವುದು ಕಡಿಮೆಯಾಗಬಹುದು. ಕೋಳಿ ಕೊಯ್ದಾಗ ಪುಚ್ಚ, ಕರುಳು ನಾಯಿಯ ಮುಂದೆ ಎಸೆಯುವುದನ್ನು ನಿಲ್ಲಿಸಿ. ಮೊಟ್ಟೆಗೆ ಮದ್ದು ಸುಲಭ: ಮೊಟ್ಟೆ ಇಡುವ ಬುಟ್ಟಿಯನ್ನು ಎತ್ತರಕ್ಕೆ ತೂಗುಹಾಕಿ, ಬೆಳಿಗ್ಗೆಯೇ ತೆಗೆಯಿರಿ.

ಕೋಳಿ ತಿಂದ ನಾಯಿಯನ್ನು ಎರಡು ದಿನ ಗಮನಿಸಿ. ವಾಂತಿ ನಿಲ್ಲುತ್ತಿಲ್ಲ, ತಿಣುಕಿದರೂ ಮಲ ಹೊರಗೆ ಬರುತ್ತಿಲ್ಲ, ಹೊಟ್ಟೆ ಗಟ್ಟಿ, ಮಲ ಕಪ್ಪು ಅಥವಾ ರಕ್ತ ಅಂದರೆ ಎಲುಬು ಸಿಕ್ಕಿರಬಹುದು. ಮನೆಯಲ್ಲಿ ವಾಂತಿ ಮಾಡಿಸಲು ಹೋಗದೆ ಪಶುವೈದ್ಯರ ಹತ್ತಿರ ಒಯ್ಯಿರಿ.

ಇದ್ದಕ್ಕಿದ್ದ ಹಾಗೆ ಶುರುವಾಯಿತು

ಐದು ವರ್ಷ ಕೋಳಿ ಜೊತೆ ಬೆಳೆದ ನಾಯಿ ನಿನ್ನೆಯಿಂದ ಬದಲಾಗಿದೆ ಅಂದರೆ ಪಾಠ, ಬೇಲಿ ಎಲ್ಲ ಪಕ್ಕಕ್ಕಿಡಿ.

ಕೋಳಿಯನ್ನಷ್ಟೇ ಅಲ್ಲ, ದನ, ಮರದ ತುಂಡು, ಕಲ್ಲು, ಮನೆಯವರು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದೆಯೇ? ಜೊಲ್ಲು ಸುರಿಯುತ್ತಿದೆಯೇ? ನೀರು ನುಂಗಲು ಆಗುತ್ತಿಲ್ಲವೇ? ಬೊಗಳುವ ದನಿ ಒಡೆದಿದೆಯೇ? ನಡಿಗೆ ತೂರಾಡುತ್ತಿದೆಯೇ? ಹಾಗಿದ್ದರೆ ಹುಚ್ಚು ರೋಗದ ಅನುಮಾನ ಇಟ್ಟುಕೊಳ್ಳಲೇಬೇಕು. ಕಟ್ಟಲು ಹೋಗಬೇಡಿ. ಮಕ್ಕಳನ್ನು ಒಳಗೆ ಸೇರಿಸಿ, ಗೇಟು ಹಾಕಿ, ಪಶು ಆಸ್ಪತ್ರೆಗೆ ಫೋನ್ ಮಾಡಿ. ಈ ರೋಗದ ಲಕ್ಷಣ ಕಂಡ ಮೇಲೆ ನಾಯಿಗಾಗಲಿ ಮನುಷ್ಯರಿಗಾಗಲಿ ಉಳಿಸುವ ಮದ್ದಿಲ್ಲ. ಇರುವುದು ಮೊದಲೇ ಹಾಕುವ ಲಸಿಕೆ. ಮರಿಗೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ.

ಅಷ್ಟು ದೊಡ್ಡದಲ್ಲದ ಕಾರಣಗಳೂ ಇವೆ. ಮರಿ ಹಾಕಿದ ಹೆಣ್ಣುನಾಯಿ ಹತ್ತಿರ ಬಂದ ಕೋಳಿಯನ್ನು ಓಡಿಸುತ್ತದೆ. ಕಿವಿ ನೋವು, ಕೀಲು ನೋವಿನ ಮುದಿನಾಯಿ ಮೈಮೇಲೆ ಹತ್ತಿದ ಹೇಂಟೆಗೆ ಬಾಯಿ ಹಾಕುತ್ತದೆ. ಇನ್ನೊಂದು, ಜೊತೆಗಾರ. ಒಂಟಿಯಾಗಿದ್ದಾಗ ಸಾಧುವಾದ ನಾಯಿ ಕೇರಿಯ ಇನ್ನೊಂದು ಸೇರಿದ ಕೂಡಲೇ ಬೇಟೆಗಾರ ಆಗುತ್ತದೆ. ಇದಕ್ಕೆ ಪಾಠ ಸಾಲದು. ಗೇಟು ಹಾಕಿ.

ಕೋಳಿ ಬದುಕಿದೆ, ಗಾಯವಾಗಿದೆ

ಹೊರಗಿನ ತೂತು ಚಿಕ್ಕದು, ಒಳಗಿನ ಗಾಯ ದೊಡ್ಡದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ಗಾಯ ತೊಳೆಯಿರಿ. ಸುತ್ತಲಿನ ಗರಿ ಕತ್ತರಿಸಿ, ಕೀಳಬೇಡಿ. ಪೊವಿಡೋನ್ ಅಯೋಡಿನ್ (ಗಾಯಕ್ಕೆ ಹಚ್ಚುವ ಕಂದು ಬಣ್ಣದ ಮದ್ದು) ಇದ್ದರೆ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ. ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ಕತ್ತಲೆ ಬೆಚ್ಚಗೆ ಇಡಿ. ಉಳಿದ ಕೋಳಿಗಳ ಜೊತೆ ಬಿಡಬೇಡಿ, ರಕ್ತ ಕಂಡರೆ ಅವೇ ಕುಕ್ಕುತ್ತವೆ. ನೊಣ ಕೂರದಂತೆ ಮೇಲೊಂದು ತೆಳು ಬಟ್ಟೆ. ಮಳೆಗಾಲದಲ್ಲಿ ಒಂದು ದಿನ ಕಣ್ಣು ತಪ್ಪಿದರೆ ಹುಳ ಬೀಳುತ್ತದೆ.

ಕರುಳು ಹೊರಗೆ ಬಂದಿದೆ, ಬಾಯಿ ತೆರೆದು ಏದುಸಿರು ಬಿಡುತ್ತಿದೆ, ಚರ್ಮ ಬಲೂನಿನ ಹಾಗೆ ಗಾಳಿ ತುಂಬಿ ಉಬ್ಬಿದೆ ಅಂದರೆ ಮನೆಮದ್ದು ನಿಲ್ಲಿಸಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಆಂಟಿಬಯೋಟಿಕ್ ಕೊಟ್ಟಿದ್ದರೆ ಮೊಟ್ಟೆ, ಮಾಂಸ ಎಷ್ಟು ದಿನ ತಿನ್ನಬಾರದು ಅಂತ ಕೇಳಿಕೊಂಡೇ ಬನ್ನಿ.

ಊರಿನವರು ಹೇಳುವ ಮದ್ದುಗಳು

ಸತ್ತ ಕೋಳಿಯನ್ನು ನಾಯಿ ಕೊರಳಿಗೆ ಕಟ್ಟಿ ಕೊಳೆಯುವ ತನಕ ಬಿಡಿ ಅನ್ನುತ್ತಾರೆ. ನಾಯಿಗೆ ಕೊಳೆತ ವಾಸನೆ ಶಿಕ್ಷೆಯೇ ಅಲ್ಲ, ಸಿಕ್ಕಿದರೆ ಅದರ ಮೇಲೆ ಹೊರಳಾಡುವ ಪ್ರಾಣಿ ಅದು. ಕಷ್ಟ ನಮ್ಮ ಮೂಗಿಗೆ. ಕೋಳಿಗೆ ಮೆಣಸಿನಪುಡಿ ಹಚ್ಚುವುದು, ನಾಯಿಯ ಮೂತಿಯನ್ನು ಸತ್ತ ಕೋಳಿಗೆ ಒತ್ತಿ ಹೊಡೆಯುವುದು, ಇವೂ ಅಷ್ಟೇ. ಹಿಡಿದು ಅರ್ಧ ಗಂಟೆಯಾದ ಮೇಲೆ ಬಿದ್ದ ಪೆಟ್ಟು ಯಾಕೆ ಬಿತ್ತು ಅಂತ ಅದಕ್ಕೆ ತಿಳಿಯುವುದಿಲ್ಲ. ಬಾಯಿಗೆ ಬಟ್ಟೆ ಬಿಗಿಯುವುದಂತೂ ನಮ್ಮ ಸೆಕೆಯಲ್ಲಿ ಜೀವಕ್ಕೇ ಅಪಾಯ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯಿ ತೆರೆದು ತೇಕುವುದರಿಂದ. ಬಾಯಿಕುಕ್ಕೆ ಬೇಕೇ ಬೇಕಾದರೆ ಒಳಗೆ ನಾಲಿಗೆ ಚಾಚಲು, ನೀರು ಕುಡಿಯಲು ಆಗುವ ಬುಟ್ಟಿಯಂಥದ್ದು ತನ್ನಿ, ಪಾಠದ ಹೊತ್ತಿಗೆ ಮಾತ್ರ ಹಾಕಿ.

"ನಾಯಿ ಬಾಲ ಡೊಂಕೇ, ಬಿಡು" ಅಂದು ಕೈಚೆಲ್ಲುವವರೂ ಇದ್ದಾರೆ. ಬಾಲ ಡೊಂಕೇ ಇರಲಿ, ನಮಗೆ ಬೇಕಾದ್ದು ಬಾಯಿ.

ಎಲ್ಲ ಮಾಡಿದೆ, ಆದರೂ ನಿಂತಿಲ್ಲ

ಮೂರು ತಿಂಗಳು ದಿನವೂ ಬಿಡದೆ ಮಾಡಿಯೂ ಕಲ್ಲು ಮುಂದೆ ಬಂದಿಲ್ಲವಾದರೆ, ಅಥವಾ ನಾಯಿ ಹಗ್ಗ ಹಿಡಿದವರ ಮೇಲೇ ತಿರುಗಿ ಬೀಳುತ್ತಿದ್ದರೆ ಅಲ್ಲಿಗೆ ಪಾಠ ನಿಲ್ಲಿಸಿ. ಪಶುವೈದ್ಯರಿಗೆ ತೋರಿಸಿ. ಕೆಲವು ನಾಯಿ ಕಲಿಯುವುದಿಲ್ಲ. ಅವುಗಳ ಜೊತೆ ಬದುಕುವ ದಾರಿ ಗಟ್ಟಿ ಬೇಲಿ ಮತ್ತು ಸರದಿ, ಅಷ್ಟೇ. ಬೇರೆಯವರಿಗೆ ಕೊಡುವುದಾದರೆ ಕೋಳಿ ಇಲ್ಲದ ಮನೆ ನೋಡಿ, ಇರುವ ವಿಷಯ ಮುಚ್ಚಿಡಬೇಡಿ.

ನೆರೆಮನೆಯ ಕೋಳಿ ಹೋದರೆ ವಾದ ಮಾಡದೆ ಅವತ್ತೇ ಕೋಳಿಯ ಬೆಲೆ ಕೊಟ್ಟುಬಿಡಿ. ಇದು ಬರೀ ಸೌಜನ್ಯ ಅಲ್ಲ, ನಾಯಿಯ ಜೀವದ ಪ್ರಶ್ನೆ. ಸಿಟ್ಟಿಗೆದ್ದ ಯಾರೋ ಅನ್ನದಲ್ಲಿ ವಿಷ ಕಲಸಿ ಇಟ್ಟರೆ ಕೇರಿಯ ನಾಯಿಗಳೆಲ್ಲ ಸಾಯುತ್ತವೆ. ನಾನು ಅಕ್ಕನ ಎರಡು ಕೋಳಿಗೆ ದುಡ್ಡು ಕೊಟ್ಟೆ. ಒಂದರ ದುಡ್ಡು ಅವರು ವಾಪಸ್ಸು ಕೊಟ್ಟರು: "ಅದು ಮೊದಲೇ ತೂಕಡಿಸ್ತಿತ್ತು ತಮಾ, ನಿಮ್ಮ ನಾಯಿ ಹಿಡೀದಿದ್ರೂ ಸಾಯ್ತಿತ್ತು." ಕರಿಯ ಈಗ ಬಾವಿಕಟ್ಟೆಯ ಹತ್ತಿರ ಕೋಳಿ ಕಂಡರೆ ಮೊದಲು ನನ್ನ ಕಿಸೆ ನೋಡುತ್ತಾನೆ. ಹಿಂದಿನ ಜಗಲಿಯ ಚಿಲಕವನ್ನು ನಾನು ಇನ್ನೂ ತೆಗೆದಿಲ್ಲ.